ಚಾವಡಿಯಲ್ಲಿ ಕುಡಿದ ನೀರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲೂಕುಗಳಿಗೂ ಸೇರಿ ನಮ್ಮ ಪತ್ರಿಕೆಗೆ ನಾನೊಬ್ಬನೇ ವರದಿಗಾರನಾಗಿದ್ದೆ. ಐವತ್ತರ ದಶಕದಲ್ಲಿ ಅದು ತಲೆಗಿಂತ ಕಾಲಿನ ಕೆಲಸ. ಬಸ್ಸಿನ ಮೇಲೆ ಸೈಕಲ್ ಕಟ್ಟಿಸಿಕೊಂಡು ಹೋಗುವುದು, ಬಸ್ಸು ನಿಂತ ಕಡೆಯಿಂದ ಮುಂದಕ್ಕೆ ತುಳಿಯುವುದು, ಬರೆದದ್ದನ್ನು ಮೈಸೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಅದು ಕಚೇರಿ ಸೇರಿತೋ ಇಲ್ಲವೋ ಎಂದು ಮರುದಿನದ ಪತ್ರಿಕೆ ನೋಡಿ ತಿಳಿದುಕೊಳ್ಳುವುದು.

ಪೊಲೀಸ್ ಠಾಣೆಗೆ ಹೋದಾಗಲೆಲ್ಲ ನನಗಾಗಿ ಒಂದೇ ಮಾತು ಕಾದಿರುತ್ತಿತ್ತು. "ಒಪ್ಪಿಕೊಂಡಿದ್ದಾನೆ ಸಾರ್, ಬರ್ಕೊಳಿ." ಅಂತರಸಂತೆಯ ಕಡೆ ತೇಗದ ಮರ ಕಡಿದವನು ಒಪ್ಪಿಕೊಂಡಿರುತ್ತಿದ್ದ. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಹೊರೆ ಕದ್ದವನು ಒಪ್ಪಿಕೊಂಡಿರುತ್ತಿದ್ದ. ಕೆಲವು ಸಲ ಇಬ್ಬರು ಬೇರೆ ಬೇರೆ ಠಾಣೆಗಳಲ್ಲಿ ಒಂದೇ ಕಳ್ಳತನವನ್ನು ಒಪ್ಪಿಕೊಂಡಿರುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ, ಬರೆಯುತ್ತಿರಲಿಲ್ಲ. ನಮ್ಮ ಸಂಪಾದಕರು ಆ ವಾಕ್ಯವನ್ನು ಪತ್ರಿಕೆಯೊಳಕ್ಕೆ ಬಿಡುತ್ತಿರಲಿಲ್ಲ. "ಕೋರ್ಟು ಕಿವಿಗೆ ಹಾಕಿಕೊಳ್ಳದ ಮಾತನ್ನು ನಾವು ಊರಿಗೆಲ್ಲ ಯಾಕೆ ಓದಿಸಬೇಕು?" ಎನ್ನುತ್ತಿದ್ದರು. ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡದ್ದು ಅವನ ಮೇಲೆ ಸಾಕ್ಷ್ಯವಾಗುವುದಿಲ್ಲ ಎಂಬ ಕಾನೂನು ಆಗಲೇ ಹಳೆಯದು. ಅದು ಗೊತ್ತಿದ್ದೂ ಠಾಣೆಗಳಲ್ಲಿ ಒಪ್ಪಿಸುವ ಕೆಲಸ ನಿಂತಿರಲಿಲ್ಲ.

ನಾನು ಈಗ ಬರೆಯುತ್ತಿರುವ ಒಪ್ಪಿಗೆ ಠಾಣೆಯಲ್ಲಿ ಆದದ್ದಲ್ಲ. ಸಾಲಿಗ್ರಾಮದ ಹತ್ತಿರ, ಕಾವೇರಿಯ ನಾಲೆಯ ಕೆಳಗಿರುವ ಒಂದು ಹಳ್ಳಿಯ ಚಾವಡಿಯಲ್ಲಿ ಆದದ್ದು.

ಬೇಸಿಗೆಯಲ್ಲಿ ಆ ಊರಿನ ಒಬ್ಬ ರೈತನ ಕೊಟ್ಟಿಗೆಗೆ ಬೆಂಕಿ ಬಿತ್ತು. ಪಕ್ಕದಲ್ಲೇ ಇದ್ದ ಹುಲ್ಲಿನ ಮೆದೆಗೆ ಮೊದಲು ಹತ್ತಿಕೊಂಡು ಆಮೇಲೆ ಸೂರಿಗೆ ಹಾರಿತು. ಜನ ಕೊಡ ಹಿಡಿದು ಓಡಿಬರುವಷ್ಟರಲ್ಲಿ ಒಳಗೆ ಕಟ್ಟಿದ್ದ ಜೋಡಿ ಎತ್ತು ಸತ್ತಿದ್ದವು. ನಾನು ಹೋದಾಗ ಬೂದಿ ಆರಿತ್ತು. ಕೊಟ್ಟಿಗೆಯವನು, ನಲವತ್ತರ ಆಸುಪಾಸಿನವನು, ಸುಟ್ಟ ಗೂಟದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಎತ್ತಿನ ಕೊರಳಿನ ಗಂಟೆಯನ್ನು ಬೂದಿಯಿಂದ ಉಜ್ಜುತ್ತಿದ್ದ. ಯಾರ ಮೇಲೆ ಅನುಮಾನ ಎಂದು ಕೇಳಿದೆ. ಅವನು ತಲೆ ಎತ್ತದೆ, ಬೇಲಿಯ ಆಚೆ ಮನೆಯ ಕಡೆ ಗದ್ದ ಚಾಚಿ ತೋರಿಸಿದ.

ಆಚೆ ಮನೆಯ ಯಜಮಾನ ಅರವತ್ತು ದಾಟಿದವನು. ಹಣೆಯ ತುಂಬ ವಿಭೂತಿ, ತೆಳ್ಳನೆಯ ಕಾಲು, ಜೋರಾದ ಬಾಯಿ. ಇಬ್ಬರ ಗದ್ದೆಗಳೂ ಒಂದೇ ಕಾಲುವೆಯ ಕೆಳಗೆ. ಹಿಂದಿನ ಬೆಳೆಯಲ್ಲಿ ನೀರಿನ ಸರದಿಗಾಗಿ ಇಬ್ಬರೂ ಬದುವಿನ ಮೇಲೆ ಗುದ್ದಲಿ ಎತ್ತಿದ್ದನ್ನು ಊರು ನೋಡಿತ್ತು. "ನಿನ್ನ ಮನೆಗೆ ಬೆಂಕಿ ಬೀಳಾ" ಎಂದು ಯಜಮಾನ ಕೂಗಿದ್ದನ್ನೂ ಕೇಳಿತ್ತು. ಬೈಗುಳಕ್ಕೆ ಅರ್ಥ ಹುಡುಕುವವರು ಹಳ್ಳಿಯಲ್ಲಿ ಇಲ್ಲ. ಆದರೆ ಬೆಂಕಿ ನಿಜವಾಗಿ ಬಿದ್ದ ಮೇಲೆ ಎಲ್ಲರಿಗೂ ಆ ಮಾತು ನೆನಪಾಯಿತು. ಬೆಂಕಿ ಇಟ್ಟದ್ದನ್ನು ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ. ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಪ್ರಕರಣ ಠಾಣೆಯ ಕಪಾಟಿನಲ್ಲಿ ಮಲಗಿತು.

ನಾಲೆಗೆ ನೀರು ಬರುವ ಕಾಲಕ್ಕೆ ಊರು ತಾನೇ ನ್ಯಾಯ ಸೇರಿಸಿತು. ಆ ಭಾಗದ ಊರುಗಳಲ್ಲಿ ಆಗ ಒಂದು ಪದ್ಧತಿ ಇತ್ತು. ಯಾರ ಮೇಲಾದರೂ ಗಟ್ಟಿಯಾದ ಅನುಮಾನ ಬಂದರೆ ಅವನ ಮನೆಗೆ ಊರು ನೀರು ನಿಲ್ಲಿಸುತ್ತಿತ್ತು. ಊರ ಬಾವಿಯಲ್ಲಿ ಅವರ ಕೊಡ ಇಳಿಯುವಂತಿಲ್ಲ. ನಾಲೆಯ ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ತಿರುಗಿಸುವ ನೀರುಗಂಟಿ ಅವರ ಮಡಿಯನ್ನು ದಾಟಿ ಮುಂದೆ ಹೋಗುತ್ತಿದ್ದ. ಮನೆಯ ಯಜಮಾನ ಚಾವಡಿಗೆ ಬಂದು, ಹಿರಿಯರಿಗೆ ಅಡ್ಡಬಿದ್ದು, ತಪ್ಪಾಯಿತು ಎಂದು ಒಪ್ಪಿಕೊಂಡರೆ, ಪಟೇಲರು ತಂಬಿಗೆಯಿಂದ ಅವನ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಎಲ್ಲರೆದುರು ಅವನು ಅದನ್ನು ಕುಡಿದರೆ ಜಗಳ ಮುಗಿಯಿತು. ತಪ್ಪು ಮಾಡಿದವನು ಯಾರು, ಮಾಡಿದ್ದು ನಿಜವೇ ಎಂದು ಆಮೇಲೆ ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಗ ಮಾಡಿದ್ದಕ್ಕೆ ಅಪ್ಪ, ತಮ್ಮ ಮಾಡಿದ್ದಕ್ಕೆ ಅಣ್ಣ ಕುಡಿದದ್ದುಂಟು. ಯಾರೂ ಏನೂ ಮಾಡದೆ, ಜಗಳ ಮುಗಿದರೆ ಸಾಕು ಎಂದು ಕುಡಿದದ್ದೂ ಉಂಟು.

ಯಜಮಾನ ಮೊದಮೊದಲು ಜಗ್ಗಲಿಲ್ಲ. ಹೆಂಗಸರು ಹೊಳೆಯಿಂದ ನೀರು ಹೊತ್ತರು. ಆದರೆ ಗದ್ದೆಗೆ ಹೊಳೆಯಿಂದ ಹೊತ್ತು ಹಾಕಲು ಆಗುವುದಿಲ್ಲ. ಸುತ್ತಲಿನ ಮಡಿಗಳಲ್ಲಿ ಕೆಸರು ಉಳುತ್ತಿದ್ದರೆ ಅವನ ಸಸಿ ಬೆಳೆಸುವ ಒಟ್ಟಲು ಪಾತಿಯಲ್ಲಿ ಪೈರು ಬಲಿಯುತ್ತಿತ್ತು. ಬಲಿತ ಪೈರನ್ನು ನಾಟಿ ಹಾಕಿದರೆ ತೆನೆ ಕಟ್ಟುವುದಿಲ್ಲ. ಒಂದು ಬೆಳಿಗ್ಗೆ ಅವನು ತಾನಾಗಿಯೇ ಚಾವಡಿಗೆ ಬಂದು ಅಡ್ಡಬಿದ್ದ. "ಕೊಟ್ಟಿಗೆಗೆ ಬೆಂಕಿ ಇಟ್ಟಿದ್ದು ನಾನೇ, ತಪ್ಪಾಯ್ತು" ಎಂದ. ಪಟೇಲರು ನೀರು ಹೊಯ್ದರು, ಅವನು ಕುಡಿದ. ಮಧ್ಯಾಹ್ನಕ್ಕೆ ಅವನ ಮಡಿಗೆ ನೀರು ಹರಿಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾಲಿಗ್ರಾಮದ ಸಂತೆಯಲ್ಲಿ ಈ ಸುದ್ದಿ ಸಬ್ ಇನ್ಸ್‌ಪೆಕ್ಟರ ಕಿವಿಗೆ ಬಿತ್ತು. ಕಪಾಟಿನಲ್ಲಿ ಮಲಗಿದ್ದ ಪ್ರಕರಣಕ್ಕೆ ತಾನಾಗಿ ಎದ್ದು ಬಂದ ಆರೋಪಿ. ಅವರು ಊರಿಗೆ ಬಂದು ಪಟೇಲರ ಹೇಳಿಕೆ ಪಡೆದರು. ಊರಿಗೆ ಊರೇ ನೋಡಿದ್ದನ್ನು ನೋಡಿಲ್ಲ ಎನ್ನಲು ಪಟೇಲರಿಗೆ ಆಗಲಿಲ್ಲ. ಯಜಮಾನನನ್ನು ಹಿಡಿದುಕೊಂಡು ಹೋದರು.

ಠಾಣೆಯಲ್ಲಿ ನಡೆದದ್ದನ್ನು ಸಬ್ ಇನ್ಸ್‌ಪೆಕ್ಟರೇ ನನಗೆ ಹೇಳಿದರು, ಬೇಸರದಿಂದ. ಕಾನೂನಿನಲ್ಲಿ ಒಂದು ಬಾಗಿಲು ತೆರೆದಿದೆ. ಪೊಲೀಸರ ವಶದಲ್ಲಿರುವ ಆರೋಪಿ ಹೇಳಿದ್ದರಿಂದ ಒಂದು ವಸ್ತು ಹೊಸದಾಗಿ ಸಿಕ್ಕರೆ, ಆ ವಸ್ತುವಿಗೆ ಸಂಬಂಧಿಸಿದಷ್ಟು ಮಾತನ್ನು ಕೋರ್ಟು ತೆಗೆದುಕೊಳ್ಳಬಹುದು. ಆದ್ದರಿಂದ ಅವರು ಪಂಚರನ್ನು ಕರೆದುಕೊಂಡು, ಯಜಮಾನನನ್ನು ಮುಂದೆ ಬಿಟ್ಟುಕೊಂಡು, ಸೀಮೆಎಣ್ಣೆಯ ಬಾಟಲಿ ತೋರಿಸು ಎಂದು ಹೊರಟಿದ್ದರು.

"ಎಲ್ಲಿ ತೋರುಸ್ಲಿ ಬುದ್ಧಿ?" ಎಂದನಂತೆ ಯಜಮಾನ.

"ಎಲ್ಲಿ ಬಿಸಾಡಿದೆಯೋ ಅಲ್ಲಿ."

"ನೀವೇ ಒಂದು ಜಾಗ ಏಳಿ, ಅಲ್ಲೇ ತೋರುಸ್ತೀನಿ. ವಯಸ್ಸಾದೋನು, ಊರೆಲ್ಲ ಸುತ್ತಿಸ್ಬ್ಯಾಡಿ."

ಬೇಲಿ, ಕಟ್ಟೆ, ಹೊಳೆದಂಡೆ ಎಲ್ಲ ಸುತ್ತಿ ಏನೂ ಸಿಗದೆ ವಾಪಸು ಬಂದರು. ಪಂಚರಿಗೆ ಊಟದ ಹೊತ್ತು ಮೀರಿತ್ತು.

ಅದಾದ ಮೇಲೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಅಲ್ಲಿ ಹೇಳುವ ಒಪ್ಪಿಗೆ ಸಾಕ್ಷ್ಯವಾಗುತ್ತದೆ, ಸರಿಯಾಗಿ ಬರೆದುಕೊಂಡರೆ. ಮ್ಯಾಜಿಸ್ಟ್ರೇಟರು ಪೊಲೀಸರನ್ನೆಲ್ಲ ಹೊರಗೆ ಕಳಿಸಿ, ನೀನು ಒಪ್ಪಿಕೊಳ್ಳಲೇಬೇಕೆಂದೇನೂ ಇಲ್ಲ, ಒಪ್ಪಿಕೊಂಡರೆ ಅದನ್ನೇ ನಿನ್ನ ಮೇಲೆ ಉಪಯೋಗಿಸಬಹುದು, ಯೋಚನೆ ಮಾಡು ಎಂದು ತಿಳಿಸಿ ಕಾಲಾವಕಾಶ ಕೊಟ್ಟರು. ಯಜಮಾನ ಯೋಚಿಸಿದ. ಆಮೇಲೆ ಹೇಳಿದ್ದು ಇಷ್ಟು: "ಅಲ್ಲಿ ಒಪ್ಕೊಂಡಿದ್ದು ಅಲ್ಲಿಗೆ ಸ್ವಾಮಿ. ಇಲ್ಲಿ ಯಾಕೆ ಒಪ್ಕೊಳ್ಲಿ? ನಾನು ಬೆಂಕಿ ಇಟ್ಟಿಲ್ಲ."

ಹೀಗೆ ಉಳಿದದ್ದು ಒಂದೇ ಸಾಕ್ಷ್ಯ: ಚಾವಡಿಯಲ್ಲಿ ಆಡಿದ ಮಾತು. ಆ ಮಾತನ್ನು ಕೋರ್ಟು ತೆಗೆದುಕೊಂಡರೆ ಅವನು ತನ್ನ ಕೊನೆಗಾಲವನ್ನು ಮೈಸೂರಿನ ಜೈಲಿನಲ್ಲಿ ಕಳೆಯಬೇಕು. ತೆಗೆದುಕೊಳ್ಳದಿದ್ದರೆ ಮನೆಗೆ ಹೋಗಬಹುದು. ಬೇರೆ ಯಾವ ಪ್ರಶ್ನೆಯೂ ಆ ಪ್ರಕರಣದಲ್ಲಿ ಇರಲಿಲ್ಲ.

ಅವನ ವಕೀಲರು ಕೃಷ್ಣರಾಜನಗರದವರು, ಆಸ್ತಮಾ ಇದ್ದವರು, ಒಂದು ವಾಕ್ಯವನ್ನು ಎರಡು ಉಸಿರಿನಲ್ಲಿ ಮುಗಿಸುವವರು. ಅವರ ಮನೆಯ ಜಗಲಿಯಲ್ಲಿ ಕೂತು ನಾನು ಕೇಳಿದೆ, "ಪಟೇಲರು ಪೊಲೀಸರಲ್ಲವಲ್ಲ, ಅವರ ಮುಂದೆ ಒಪ್ಪಿಕೊಂಡದ್ದು ನಿಲ್ಲುತ್ತದೆ ಅಲ್ಲವೇ?"

"ತಾನಾಗಿ ಒಪ್ಪಿಕೊಂಡಿದ್ದರೆ ನಿಲ್ಲುತ್ತೆ. ಯಾರ ಮುಂದೆ ಹೇಳಿದ್ದು ಅನ್ನೋದು ಒಂದು. ಯಾಕೆ ಹೇಳಿದ್ದು ಅನ್ನೋದು ಇನ್ನೊಂದು. ಅಧಿಕಾರ ಇದ್ದೋನು ಹೆದರಿಸಿಯೋ ಆಸೆ ತೋರಿಸಿಯೋ ಒಪ್ಪಿಸಿದ್ದರೆ ಆ ಒಪ್ಪಿಗೆ ಕಸ. ಪಟೇಲರಿಗೆ ಅಧಿಕಾರ ಇದೆ. ಅವರು ಏನು ಮಾತು ಕೊಟ್ಟಿದ್ದರು ಅನ್ನೋದು ಅವರ ಬಾಯಿಂದಲೇ ಬರಬೇಕು."

"ಬರುತ್ತದೆಯೇ?"

ವಕೀಲರು ಕೆಮ್ಮಿ ಮುಗಿಸುವವರೆಗೆ ಕಾದೆ. "ಬಂದರೆ ಅವರ ಪಟೇಲಿಕೆಗೆ ಸಂಚಕಾರ. ಅಪರಾಧ ಗೊತ್ತಾದರೆ ಠಾಣೆಗೆ ತಿಳಿಸಬೇಕಾದೋರು, ಮುಚ್ಚಿಹಾಕ್ತೀನಿ ಅಂತ ಮಾತು ಕೊಟ್ಟರು ಅಂತಾಗುತ್ತೆ. ಅಪ್ಪ ತಾತನ ಕಾಲದಿಂದ ಬಂದ ಅಧಿಕಾರ. ನೀವಾಗಿದ್ದರೆ ಹೇಳ್ತಿದ್ದಿರಾ?"

ನನ್ನನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ.

ಮೈಸೂರಿನ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ. ಆ ದಿನ ಬೆಳಿಗ್ಗೆ ಕೃಷ್ಣರಾಜನಗರದ ನಿಲ್ದಾಣದಲ್ಲಿ ರೈಲು ಹತ್ತಿದರೆ, ಎದುರು ಬೆಂಚಿನಲ್ಲಿ ಆರೋಪಿ, ಫಿರ್ಯಾದಿ, ಸಾಕ್ಷಿ ಮೂವರೂ ಒಟ್ಟಿಗೆ ಕೂತಿದ್ದರು. ಕಿಟಕಿಯ ಪಕ್ಕ ಪಟೇಲರು, ಕರಿ ಕೋಟು, ರುಮಾಲು. ಮಧ್ಯದಲ್ಲಿ ಜಾಮೀನಿನ ಮೇಲಿದ್ದ ಯಜಮಾನ. ಈ ತುದಿಯಲ್ಲಿ ಎತ್ತು ಕಳೆದುಕೊಂಡವನು. ಅಷ್ಟು ಬೆಳಿಗ್ಗೆ ಮೈಸೂರಿಗೆ ಇದ್ದದ್ದು ಅದೊಂದೇ ರೈಲು, ಡಬ್ಬಿ ತುಂಬಿತ್ತು. ಬೇರೆ ಕೂರಬೇಕೆಂದು ಅವರಿಗೂ ಅನಿಸಿದಂತೆ ಕಾಣಲಿಲ್ಲ.

ಯಜಮಾನ ಬಟ್ಟೆಯ ಗಂಟು ಬಿಚ್ಚಿ ಅಕ್ಕಿರೊಟ್ಟಿ ತೆಗೆದ.

"ಏನಣ್ಣಯ್ಯ," ಎಂದ ಎತ್ತಿನವನು, "ಜೈಲಿಗೋಗೋಕ್ ಮುಂಚೆ ಒಟ್ಟೆ ತುಂಬಾ ತಿನ್ಕೊಂಡು ಓಗ್ತಾ ಇದ್ದೀಯಾ?"

"ನಿಂಗೂ ತಂದಿವ್ನಿ ಕಣ್ಲಾ, ತಗೋ. ಅಷ್ಟು ದೊಡ್ಡ ಕೋರ್ಟಲ್ಲಿ ಸುಳ್ಳು ಏಳಕ್ಕೆ ಸಕ್ತಿ ಬ್ಯಾಡ್ವಾ?"

"ಸುಳ್ಳು ನಾನ್ಯಾಕೆ ಏಳ್ಲಿ. ನನ್ನ ಎತ್ತು ಸತ್ತಿದ್ದು ಸುಳ್ಳಾ?"

"ಎತ್ತು ಸತ್ತಿದ್ದು ದಿಟ ಕಣಪ್ಪ. ಬಂಗಾರದಂತಾ ಎತ್ತು. ಅವು ಕರುವಾಗಿದ್ದಾಗ್ಲಿಂದ ನೋಡಿವ್ನಿ ನಾನು."

ಎತ್ತಿನವನು ರೊಟ್ಟಿ ತೆಗೆದುಕೊಂಡ. ಇಬ್ಬರೂ ಸ್ವಲ್ಪ ಹೊತ್ತು ಅಗಿದರು. ಯಜಮಾನ ಇನ್ನೊಂದು ರೊಟ್ಟಿಯನ್ನು ಕಿಟಕಿಯ ಕಡೆ ಚಾಚಿದ. ಪಟೇಲರು ಬೇಡವೆಂದು ಕೈಯಾಡಿಸಿದರು.

"ತಗೊಳ್ರೀ ಪಟೇಲ್ರೆ. ನೀವು ಉಯ್ದಿದ್ ನೀರು ನಾನು ಕುಡೀಲಿಲ್ವಾ? ಇನ್ನೂ ಗಂಟ್ಲಲ್ಲೇ ನಿಂತದೆ ಕಣ್ರೀ ಅದು."

ಪಟೇಲರು ಹೊರಗೆ ನೋಡುತ್ತಲೇ ಹೇಳಿದರು, "ಕಟಕಟೇಲಿ ಏನು ಕೇಳ್ತಾರೋ ಅದಕ್ಕೆ ಜವಾಬು ಕೊಡ್ತೀನಿ. ರೈಲಲ್ಲಿ ಏನೂ ಕೇಳ್ಬ್ಯಾಡಿ."

ಮೈಸೂರು ಬರುವವರೆಗೆ ರೊಟ್ಟಿ ಅವರ ಪಕ್ಕದಲ್ಲಿ ಬಟ್ಟೆಯ ಮೇಲೆ ಹಾಗೇ ಇತ್ತು.

ಸಾಕ್ಷಿಯ ಕಟಕಟೆಯಲ್ಲಿ ಪಟೇಲರು ನೆಟ್ಟಗೆ ನಿಂತಿದ್ದರು. ಸರ್ಕಾರಿ ವಕೀಲರ ಪ್ರಶ್ನೆಗಳಿಗೆ ಉತ್ತರ ಸಲೀಸಾಗಿ ಬಂತು. ಆರೋಪಿ ತಾನಾಗಿ ನಡೆದು ಬಂದನೇ? ಬಂದ. ಯಾರಾದರೂ ಹೊಡೆದರೇ, ಬೈದರೇ? ಇಲ್ಲ. ಏನೆಂದ? ಬೆಂಕಿ ಇಟ್ಟಿದ್ದು ನಾನೇ, ತಪ್ಪಾಯ್ತು ಎಂದ. ನಿಮ್ಮ ಕಿವಿಯಿಂದ ಕೇಳಿದಿರಾ? ಕೇಳಿದೆ. ಒಂದೂ ಸುಳ್ಳಲ್ಲ. ಸರ್ಕಾರಿ ವಕೀಲರು ಕೂತರು. ಅಷ್ಟರಲ್ಲೇ ನಿಲ್ಲಿಸಿದ್ದರೆ ಯಜಮಾನ ಆ ದಿನವೇ ಜೈಲಿಗೆ ಅರ್ಧ ದಾರಿ ಹೋದಂತೆ.

ನಮ್ಮ ಆಸ್ತಮಾದ ವಕೀಲರು ಎದ್ದು, ಉಸಿರು ಸರಿಮಾಡಿಕೊಂಡು, ಬೆಂಕಿಯ ವಿಷಯ ಬಿಟ್ಟು ನೀರಿನ ವಿಷಯಕ್ಕೆ ಬಂದರು.

"ನಾಲೆಗೆ ಆಗ ನೀರು ಬಂದಿತ್ತೇ?"

"ಬಂದಿತ್ತು."

"ಎಲ್ಲರ ಗದ್ದೆಗೂ ಹೋಗ್ತಿತ್ತೇ?"

"ಇವ್ರದೊಂದು ಬಿಟ್ಟು."

"ಇವರ ಗದ್ದೆಗೆ ಬಿಡಬೇಡ ಅಂತ ನೀರುಗಂಟಿಗೆ ಹೇಳಿದವರು ಯಾರು?"

"ಊರು ಹೇಳ್ತು ಸ್ವಾಮಿ."

"ಊರಿಗೆ ಬಾಯಿ ಇಲ್ಲ ಪಟೇಲ್ರೆ. ಹೇಳಿದ ಬಾಯಿ ಯಾರದು?"

ಪಟೇಲರು ರುಮಾಲಿನ ಅಂಚನ್ನು ಮುಟ್ಟಿ ನೋಡಿಕೊಂಡರು. "ನಂದೇ."

"ಅವರು ಒಪ್ಪಿಕೊಳ್ಳೋದಕ್ಕೆ ಮುಂಚೆ ನೀವು ಅವರ ಮನೆಗೆ ಹೋಗಿದ್ರಿ, ಅಲ್ಲವೇ? ಹೋಗಿ ಏನು ಹೇಳಿದ್ರಿ?"

ಸರ್ಕಾರಿ ವಕೀಲರು ಎದ್ದರು. ಸಾಕ್ಷಿ ಸರ್ಕಾರದ ಹುದ್ದೆಯಲ್ಲಿರುವವರು, ಉತ್ತರ ಕೊಡುವ ಮೊದಲು ತಮ್ಮ ಕರ್ತವ್ಯ ನೆನಪಿಟ್ಟುಕೊಳ್ಳಲಿ ಎಂದರು. ಅದು ಆಕ್ಷೇಪಣೆಯಲ್ಲ, ಎಚ್ಚರಿಕೆ. ನ್ಯಾಯಾಧೀಶರು ಅವರನ್ನು ಕೂರಿಸಿ, "ಕೇಳಿದ್ದಕ್ಕೆ ಉತ್ತರ ಹೇಳಿ" ಎಂದು ಪಟೇಲರಿಗೆ ಹೇಳಿದರು.

ನಾನು ಎಷ್ಟೋ ಸಾಕ್ಷಿಗಳನ್ನು ನೋಡಿದ್ದೇನೆ. ಸಿಕ್ಕಿಬಿದ್ದಾಗ ಹೆಚ್ಚಿನವರು ನೆನಪಿಲ್ಲ ಎನ್ನುತ್ತಾರೆ. ಅದು ಸುಲಭ, ಯಾರೂ ಏನೂ ಮಾಡಲಾರರು. ಪಟೇಲರೂ ಹಾಗೆನ್ನಬಹುದಿತ್ತು. ಅವರು ಮೊದಲು ಯಜಮಾನನ ಕಡೆ ನೋಡಿದರು. ಯಜಮಾನ ಅವರನ್ನು ನೋಡುತ್ತಿರಲಿಲ್ಲ. ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದ.

"ಒಪ್ಕೊಂಡ್ಬುಡು, ನಿನ್ನ ಪೈರು ಆಳಾಯ್ತದೆ ಅಂದೆ," ಎಂದರು ಪಟೇಲರು. "ಒಪ್ಕೊಂಡ್ರೆ ಇವತ್ತೇ ನೀರು ಬುಡಿಸ್ತೀನಿ, ಇಲ್ಲಿಗೆ ಮುಗೀತು, ಠಾಣೆಗೆ ಓಗಾಕಿಲ್ಲ ಅಂತ ಮಾತು ಕೊಟ್ಟೆ." ಯಾರೂ ಕೇಳದಿದ್ದರೂ, "ನಾನಾಗಿ ಠಾಣೆಗೆ ಓಗ್ಲಿಲ್ಲ ಸ್ವಾಮಿ. ಅವ್ರಾಗಿ ಬಂದ್ರು. ಬಂದಾಗ ಇಲ್ಲ ಅನ್ನಕ್ಕಾಗ್ಲಿಲ್ಲ" ಎಂದರು.

"ಒಪ್ಪಿಕೊಳ್ಳದೆ ಇದ್ದಿದ್ದರೆ ನೀರು ಬಿಡಿಸ್ತಿದ್ರಾ?"

"ಇಲ್ಲ."

ವಕೀಲರು ಕೂತರು. ಎತ್ತಿನವನು ಹಿಂದಿನ ಸಾಲಿನಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ. ಅವನಿಗೆ ಏನು ನಡೆಯಿತೆಂದೇ ಅರ್ಥವಾಗಿರಲಿಲ್ಲ. ಪಟೇಲರು ಅವನ ಪರವಾಗಿ ಬಂದ ಸಾಕ್ಷಿ ಎಂದೇ ಅವನು ತಿಳಿದಿದ್ದ.

ತೀರ್ಪು ಇಂಗ್ಲಿಷಿನಲ್ಲಿತ್ತು, ಚಿಕ್ಕದಾಗಿತ್ತು. ಗ್ರಾಮದ ಮೇಲೆ ಅಧಿಕಾರವಿದ್ದ ವ್ಯಕ್ತಿ ಆಸೆ ತೋರಿಸಿ ಪಡೆದ ಒಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಅದನ್ನು ತೆಗೆದುಹಾಕಿದರೆ ಆರೋಪಿಯ ಮೇಲೆ ಏನೂ ಉಳಿಯುವುದಿಲ್ಲ. ಬಿಡುಗಡೆ. ಗುಮಾಸ್ತರು ಕನ್ನಡದಲ್ಲಿ ಹೇಳಿದ ಮೇಲೆ ಯಜಮಾನ ನ್ಯಾಯಾಧೀಶರಿಗೆ ಕೈಮುಗಿದು, ಅಭ್ಯಾಸಬಲದಿಂದ ಅಡ್ಡಬೀಳಲು ಹೋದ. ಜವಾನ ತೋಳು ಹಿಡಿದು ಎಬ್ಬಿಸಿದ.

ನಾನು ನಾಲ್ಕು ಸಾಲು ಬರೆದು ಕಳಿಸಿದೆ. ಪತ್ರಿಕೆಯಲ್ಲಿ ಮೂರು ಬಂತು.

ಪಟೇಲರಿಗೆ ತಾಲೂಕು ಕಚೇರಿಯಿಂದ ಸಮಜಾಯಿಷಿ ಕೇಳಿ ಕಾಗದ ಬಂದಿತೆಂದು ಕೇಳಿದೆ. ಹುದ್ದೆ ಹೋಗಲಿಲ್ಲ, ಆದರೆ ಅವರು ಚಾವಡಿಯಲ್ಲಿ ಕೂರುವುದನ್ನು ಬಿಟ್ಟರು. ಹುಣಸೂರಿನಲ್ಲಿ, ಹೆಗ್ಗಡದೇವನಕೋಟೆಯಲ್ಲಿ ಬೇರೆ ಪ್ರಕರಣಗಳು ಬಂದವು. ಠಾಣೆಗಳಲ್ಲಿ ಬೇರೆಯವರು ಒಪ್ಪಿಕೊಂಡರು. ಆ ಊರನ್ನು ನಾನು ಮರೆತೆ.

ಮುಂದಿನ ಸಲ ನಾಲೆಗೆ ನೀರು ಬಿಟ್ಟಾಗ ನಾಟಿಯ ವರದಿಗೆಂದು ಸಾಲಿಗ್ರಾಮದ ಕಡೆ ಹೋಗಿದ್ದೆ. ದಾರಿಯ ಪಕ್ಕದ ಗದ್ದೆಗಳೆಲ್ಲ ಕೆಸರಾಗಿ ಹೊಳೆಯುತ್ತಿದ್ದವು. ಒಂದು ಮಾತ್ರ ಬಿರುಕು ಬಿಟ್ಟಿತ್ತು. ಅದರ ಬದುವಿನ ಮೇಲೆ ಯಜಮಾನ ಟವೆಲು ಹಾಸಿಕೊಂಡು ಕೂತಿದ್ದ. ನಾನು ಸೈಕಲ್ ಇಳಿದೆ.

"ಏನು ಯಜಮಾನ್ರೆ, ನೀರು ಬಂದಿಲ್ಲವೇ?"

"ಗೆದ್ನಲ್ಲ ಸ್ವಾಮಿ ಕೋರ್ಟಲ್ಲಿ, ಅದ್ಕೇ ಬಂದಿಲ್ಲ," ಎಂದ.

ಬಿಡಿಸಿ ಹೇಳಿದ. ಎತ್ತಿನವನು ಊರ ಮುಂದೆ ಸರಳವಾದ ಒಂದು ಮಾತು ಇಟ್ಟಿದ್ದ. ಒಪ್ಪಿಕೊಂಡಿದ್ದಕ್ಕೆ ನೀರು ಕೊಟ್ಟದ್ದು. ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ದೊಡ್ಡ ಕೋರ್ಟೇ ಹೇಳಿದೆ. ಅಂದಮೇಲೆ ಕೊಟ್ಟ ನೀರೂ ನೀರಲ್ಲ. ಎತ್ತಿಗೆ ಯಾರು ಜವಾಬು? ಊರಿಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ನೀರುಗಂಟಿ ಅವನ ಮಡಿ ದಾಟಿ ಮುಂದೆ ಹೋಗತೊಡಗಿದ. ಪಟೇಲರ ಹತ್ತಿರ ಹೋದರೆ ಅವರು, ನನ್ನ ಬಾಯಿ ಕೋರ್ಟಿನಲ್ಲೇ ಬಿಟ್ಟು ಬಂದಿದ್ದೇನೆ, ನನ್ನನ್ನು ಕೇಳಬೇಡ ಎಂದರಂತೆ.

ತಾಲೂಕು ಕಚೇರಿಗೆ ಅರ್ಜಿ ಕೊಡಬಹುದು, ನಾಲೆ ಸರ್ಕಾರದ್ದು, ನೀರು ತಡೆಯಲು ಯಾರಿಗೂ ಹಕ್ಕಿಲ್ಲ ಎಂದು ಹೇಳಿದೆ. ಅವನು ಸಮಾಧಾನದಿಂದ ಕೇಳಿಸಿಕೊಂಡ.

"ಅರ್ಜಿ ಓಯ್ತದೆ, ಬತ್ತದೆ. ಪೈರು ಕಾಯ್ತದಾ ಸ್ವಾಮಿ?" ಎಂದ. ಆಮೇಲೆ ಕತ್ತೆತ್ತಿ ಕೇಳಿದ, "ನಿಮ್ಗೆ ಕೋರ್ಟಿನ್ ಇಚಾರ ಗೊತ್ತಲ್ಲ. ಮತ್ತೆ ಚಾವ್ಡೀಲಿ ಒಪ್ಕೊಂಡ್ರೆ ಮತ್ತೆ ಇಡ್ಕೊಂಡೋಯ್ತಾರಾ?"

ಒಮ್ಮೆ ಬಿಡುಗಡೆಯಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಮಾಡುವಂತಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅರೆಬರೆ ಮಾತು ಹೇಳುವುದು ನನ್ನ ಅಭ್ಯಾಸವಲ್ಲ. ಕೃಷ್ಣರಾಜನಗರಕ್ಕೆ ಹೋಗಿ ವಕೀಲರನ್ನು ಕೇಳಿದೆ. ಸರ್ಕಾರ ಮೇಲ್ಮನವಿ ಹಾಕಿಲ್ಲ, ಹಾಕುವ ಗಡುವೂ ಮುಗಿದಿದೆ ಎಂದರು ಅವರು. ಯಾಕೆ ಕೇಳಿದಿರಿ ಎಂದರು. ಹೇಳಿದೆ. ಅವರು ಬಹಳ ಹೊತ್ತು ಕೆಮ್ಮಿದರು. ನಗುತ್ತಿದ್ದರೋ ಏನೋ ತಿಳಿಯಲಿಲ್ಲ.

ಮರುದಿನ ಹೋಗಿ ಯಜಮಾನನಿಗೆ ತಿಳಿಸಿದೆ. ಅವನು ಬದುವಿನಿಂದ ಎದ್ದು ಟವೆಲು ಕೊಡವಿದ.

ಅವನು ಹೊರಡುವ ಮೊದಲು ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ಅಷ್ಟು ದಿನ ಯಾರೂ ಅವನನ್ನು ಸುಮ್ಮನೆ ತಿಳಿಯುವುದಕ್ಕೆಂದು ಕೇಳಿರಲಿಲ್ಲ. "ಬೆಂಕಿ ಇಟ್ಟದ್ದು ನೀವೇ ಏನು?"

"ಯಾರ್ಗೆ ಏಳ್ಬೇಕು? ಪೇಪರ್‌ಗಾ?"

"ಪೇಪರಿಗಲ್ಲ. ನನಗೆ."

"ನಿಮ್ಗೆ ನೀರು ಬುಡ್ಸೋ ಅದಿಕಾರ ಅದಾ?"

ಇಲ್ಲ ಎಂದೆ.

"ಅಂಗಾರೆ ಬುಡಿ," ಎಂದು ಊರ ಕಡೆ ನಡೆದ. ನಾನೂ ಜೊತೆಗೆ ಹೋದೆ.

ಚಾವಡಿಯಲ್ಲಿ ಹಿರಿಯರು ಸೇರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಲ್ಲರೂ ಇದಕ್ಕೇ ಕಾದಿದ್ದಂತೆ ಕಂಡಿತು. ಯಜಮಾನ ಅಡ್ಡಬಿದ್ದ. ಮೊಣಕಾಲು ಹಿಡಿದುಕೊಂಡಿದ್ದರಿಂದ ಏಳುವಾಗ ಇಬ್ಬರು ಕೈಕೊಟ್ಟರು. "ಕೊಟ್ಟಿಗೆಗೆ ಬೆಂಕಿ ಇಟ್ಟಿದ್ದು ನಾನೇ, ತಪ್ಪಾಯ್ತು" ಎಂದ. ಹಿಂದೆ ಹೇಳಿದ್ದ ಮಾತನ್ನೇ, ಅದೇ ಕ್ರಮದಲ್ಲಿ.

ತಂಬಿಗೆ ಬಂತು. ಹೊಯ್ಯುವವರು ಯಾರು ಎಂದು ತೊಡಕಾಯಿತು. ಒಬ್ಬರು ಪಟೇಲರಿಗೆ ಹೇಳಿಕಳಿಸೋಣ ಎಂದರು.

"ಪಟೇಲ್ರು ಬ್ಯಾಡ ಕಣ್ರಪ್ಪ," ಎಂದ ಯಜಮಾನ. "ಅವ್ರು ಉಯ್ದ ನೀರು ಮೈಸೂರ್ಗಂಟ ಅರೀತದೆ."

ಚಾವಡಿ ನಕ್ಕಿತು. ಎತ್ತಿನವನೂ ನಕ್ಕ. ಕೊನೆಗೆ ತಂಬಿಗೆಯನ್ನು ಅವನ ಕೈಗೇ ಕೊಟ್ಟರು. ಅವನು ಮುಂದೆ ಬಂದು ಬಾಗಿ, ಯಜಮಾನನ ಬೊಗಸೆಗೆ ನೀರು ಹೊಯ್ದ. ಯಜಮಾನ ಕುಡಿದ. ಗದ್ದದಿಂದ ಇಳಿದದ್ದನ್ನು ಒರೆಸಿಕೊಂಡು, "ಸಾಕಾ? ಇನ್ನೂ ಕುಡೀಬೇಕಾ?" ಎಂದ.

"ಸಾಕು ಬುಡಣ್ಣಯ್ಯ," ಎಂದ ಎತ್ತಿನವನು. ಅವನ ದನಿಯಲ್ಲಿ ಗೆಲುವು ಇರಲಿಲ್ಲ. ಹೊಸ ಎತ್ತು ತರಲು ಅವನಿಗೆ ಇನ್ನೂ ಆಗಿರಲಿಲ್ಲ. ಆ ವರ್ಷವೂ ಬೇರೆಯವರ ಜೋಡಿಯನ್ನು ಕೇಳಿ ತಂದು ಉತ್ತಿದ್ದ.

ನೀರುಗಂಟಿ ಗುದ್ದಲಿ ಹೆಗಲಿಗಿಟ್ಟುಕೊಂಡು ಕಾಲುವೆಯ ಕಡೆ ಹೊರಟ. ನಾನು ಸೈಕಲ್ ತಳ್ಳಿಕೊಂಡು ಅವನ ಹಿಂದೆ ಹೋದೆ. ಪಟೇಲರ ಮನೆಯ ಜಗಲಿಯ ಮೇಲೆ ಪಟೇಲರು ಕೂತಿದ್ದರು, ರುಮಾಲು ಇರಲಿಲ್ಲ. ಗುದ್ದಲಿ ನೋಡಿ ಅವರಿಗೆ ತಿಳಿಯಿತು.

"ಆಯ್ತಾ?" ಎಂದು ಕೇಳಿದರು.

"ಆಯ್ತು," ಎಂದ ನೀರುಗಂಟಿ, ನಿಲ್ಲದೆ.

ಅವನು ಕಾಲುವೆಯ ಬದುವನ್ನು ಎರಡೇಟಿಗೆ ಕಡಿದ. ಒಣಗಿದ ಮಣ್ಣು ಮೊದಲು ನೀರನ್ನೆಲ್ಲ ಬಿರುಕುಗಳೊಳಕ್ಕೆ ಎಳೆದುಕೊಂಡಿತು. ಮೇಲೆ ಏನೂ ಕಾಣಲಿಲ್ಲ. ಆಮೇಲೆ ನಿಧಾನವಾಗಿ ನೆನೆಯತೊಡಗಿತು. ಪೈರು ಆಗಲೇ ಸ್ವಲ್ಪ ಬಲಿತಿತ್ತು. ಅರ್ಧ ಬೆಳೆ ಬಂದರೆ ಹೆಚ್ಚು ಎಂದ ನೀರುಗಂಟಿ.

ಸಂಜೆ ಬಸ್ಸಿಗೆ ವರದಿ ಕೊಡಬೇಕಿತ್ತು. ಸಾಲಿಗ್ರಾಮದಲ್ಲಿ ಹೋಟೆಲಿನ ಬೆಂಚಿನ ಮೇಲೆ ಕೂತು ಬರೆದೆ: ಕೃಷ್ಣರಾಜನಗರ ತಾಲೂಕಿನ ನಾಲಾ ಪ್ರದೇಶದಲ್ಲಿ ನೀರು ಸಮರ್ಪಕವಾಗಿ ದೊರೆಯುತ್ತಿದ್ದು ಭತ್ತದ ನಾಟಿ ಚುರುಕಾಗಿದೆ. ಓದಿ ನೋಡಿದೆ. ಸಮರ್ಪಕವಾಗಿ ಎಂಬ ಪದವನ್ನು ಹೊಡೆದುಹಾಕಿ ಕಂಡಕ್ಟರ್ ಕೈಗೆ ಕೊಟ್ಟೆ.